ಸೈಲೆನ್ಸರ್ ಪೈಪು ಕಚ್ಚಿಕೊಂಡಿದೆ, ಏನು ಮಾಡಲಿ?

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಪಂಪಿಗೆ ಅಪ್ಪ ತಂದಿಟ್ಟ 3 ಎಚ್.ಪಿ. ಇಂಜಿನ್ ಇದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಹಳೇ ಮಾದರಿ. ಈ ಸಲ ಕೊಟ್ಟಿಗೆ ಮೂಲೆಯಿಂದ ಹೊರಗೆ ತಂದು ನೋಡಿದರೆ ಸೈಲೆನ್ಸರ್ ಪೂರ್ತಿ ತೂತು. ಹೊಸದು ತಂದೆ. ಆದರೆ ಹಳೇ ಪೈಪು ಇಂಜಿನ್ನಿನ ಬ್ಲಾಕಿನಿಂದ ಅಲ್ಲಾಡುತ್ತಲೂ ಇಲ್ಲ. ಪೈಪ್ ರೆಂಚ್ ಹಾಕಿದರೆ ಪೈಪೇ ಚಪ್ಪಟೆಯಾಗುತ್ತಿದೆ. ಸುತ್ತಿಗೆ ತೆಗೆದರೆ "ಅಪ್ಪಯ್ಯನ ಇಂಜಿನ್ ಒಡೀಬೇಡಿ" ಅಂತ ಮನೆಯಲ್ಲಿ ಗಲಾಟೆ. ಮಳೆ ಹಿಡಿಯುವ ಮೊದಲು ಒಂದು ಸಲವಾದರೂ ಔಷಧಿ ಆಗಬೇಕು.
(ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಮೊದಲು ಆ ರೆಂಚನ್ನು ಕೆಳಗಿಡಿ ಮಾರಾಯ್ರೇ. ಪೈಪು ಚಪ್ಪಟೆಯಾಗುತ್ತಿದೆ ಅಂದರೆ ನೀವು ಹಾಕುತ್ತಿರುವ ಬಲ ಆಗಲೇ ಜಾಸ್ತಿಯಾಗಿದೆ. ಇನ್ನೊಂದು ಜಗ್ಗು ಜಗ್ಗಿದರೆ ಪೈಪು ಬುಡದಲ್ಲೇ ಮುರಿಯುತ್ತದೆ, ಇಲ್ಲಾ ಬ್ಲಾಕಿನ ಬಾಯಿ ಬಿರಿಯುತ್ತದೆ. ಪೈಪು ಮುರಿದರೆ ಔಷಧಿ ಇದೆ. ಬ್ಲಾಕು ಬಿರಿದರೆ ಇಲ್ಲ ಅಂತಲೇ ಇಟ್ಟುಕೊಳ್ಳಿ.

ನಾನು ಇದನ್ನು ಕಲಿತಿದ್ದು ಬೈಸಿಕೊಂಡು. 1987ರಲ್ಲಿ ಸಾಗರದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಮೇಸ್ತ್ರಿ ಶಿವಮೊಗ್ಗಕ್ಕೆ ಸಾಮಾನು ತರಲು ಹೋಗಿದ್ದರು. ಅವರು ಬರುವುದರೊಳಗೆ ಕೆಲಸ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಅಂತ, ರೆಂಚಿನ ಹಿಡಿಗೆ ನಾಲ್ಕು ಅಡಿ ಪೈಪು ತೂರಿಸಿ ಜೋತುಬಿದ್ದೆ. ಟಕ್ ಅಂತು. ಬಂತು ಅಂತ ಖುಷಿಪಟ್ಟೆ. ನೋಡಿದರೆ ಬೀಡಿನ (ಎರಕದ ಕಬ್ಬಿಣದ) ಬ್ಲಾಕಿನಲ್ಲಿ ಕೂದಲೆಳೆಯಷ್ಟು ಬಿರುಕು, ಬಾಯಿಯಿಂದ ವಾಲ್ವಿನವರೆಗೆ. ಬೀಡನ್ನು ವೆಲ್ಡ್ ಮಾಡಲು ನಿಕ್ಕಲ್ ರಾಡ್ ಬೇಕು, ಅದಕ್ಕೆ ಆಗಲೂ ದುಬಾರಿ ಬೆಲೆ. ನನ್ನ ಸಂಬಳದಲ್ಲೇ ಹಿಡಿದರು. ಮೇಸ್ತ್ರಿ ಒಂದೇ ಮಾತು ಹೇಳಿದ್ದು: "ಪೈಪು ತೆಗೆಯೋಕೆ ಮೂರು ದಿನ ಬೇಕು. ನೀನು ಮೂರು ನಿಮಿಷದಲ್ಲಿ ತೆಗೆದೆ." ಆ ಮೂರು ದಿನದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ.

ಅದು ಕಚ್ಚಿಕೊಂಡಿದ್ದು ಯಾಕೆ ಅಂತ ಗೊತ್ತಿದ್ದರೆ ಕೈ ತಾನಾಗಿಯೇ ಮೆತ್ತಗಾಗುತ್ತದೆ. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ, ಮೊದಲಿದ್ದ ಜಾಗದ ಎರಡು ಪಟ್ಟಿಗಿಂತ ಜಾಸ್ತಿ ಕೇಳುತ್ತದೆ. ಪೈಪನ್ನು ಬ್ಲಾಕಿಗೆ ತಿರುಗಿಸಿ ಕೂರಿಸುವ ಥ್ರೆಡ್ಡಿನ ಸಂದಿನಲ್ಲಿ ಊದಲು ಜಾಗ ಎಲ್ಲಿದೆ? ಹಾಗಾಗಿ ಎರಡೂ ಕಡೆ ಒತ್ತಿ ಬಿಗಿಯುತ್ತದೆ, ಬಾಗಿಲ ಸಂದಿಗೆ ಬೆಣೆ ಹೊಡೆದ ಹಾಗೆ. ನೀರು ಎಲ್ಲಿಂದ ಬಂತು ಅಂದರೆ, ಮಳೆ ಒಂದೇ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಸೈಲೆನ್ಸರಿನಲ್ಲಿ ಹೋಗುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಹೊರಗೆ ಹೋಯಿತು. ಎರಡು ನಿಮಿಷ ಓಡಿಸಿ "ಸರಿಯಿದೆ" ಅಂತ ನಿಲ್ಲಿಸಿದರೆ ಅಷ್ಟೂ ನೀರು ಒಳಗೇ ಇಳಿದು ಕೂರುತ್ತದೆ.

ನಿಮ್ಮದಕ್ಕೆ ಇನ್ನೊಂದು ಶತ್ರು ಇದೆ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು, ಈ ಬೋರ್ಡೋ ದ್ರಾವಣದ ಲೆಕ್ಕ ನಿಮಗೆ ನಾನು ಹೇಳಬೇಕಿಲ್ಲ. 1910ರ ಹೊತ್ತಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗದ ಬೆನ್ನು ಹತ್ತಿದಾಗಿನಿಂದ ಮಲೆನಾಡು ಇದನ್ನೇ ನಂಬಿಕೊಂಡಿದೆ. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಉಜ್ಜಿದ ಕತ್ತಿ ಅದ್ದುತ್ತೀರಲ್ಲ? ಸುಣ್ಣ ಕಡಿಮೆಯಾದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಹಾಗೆ ಕೂತಿದೆ ಅಂದರೆ ಅಷ್ಟು ಕಬ್ಬಿಣ ಕರಗಿ ಹೋಗಿದೆ ಅಂತ ಅರ್ಥ. ಕತ್ತಿಗೆ ಆಗಿದ್ದೇ ಡ್ರಮ್ಮಿನ ಪಕ್ಕ ಕೂತ ಸೈಲೆನ್ಸರಿಗೂ ಆಗುತ್ತದೆ. ಸುಣ್ಣ ಹಾಕುವ ಮೊದಲಿನ ಬರೀ ಮೈಲುತುತ್ತದ ನೀರು ಸಿಡಿದರಂತೂ ಮುಗಿದೇ ಹೋಯಿತು.

ಸರಿ, ಕೆಲಸಕ್ಕೆ ಬರೋಣ.

ಪೆಟ್ರೋಲ್ ಟ್ಯಾಂಕು, ಸೀಮೆಎಣ್ಣೆ ಟ್ಯಾಂಕು, ಕಾರ್ಬುರೇಟರ್, ಮೂರನ್ನೂ ಬಿಚ್ಚಿ ಬೇರೆ ಕಡೆ ಇಡಿ. ಆಮೇಲೆ ಬೆಂಕಿ ತರುವುದಿದೆ. ಇಂಜಿನ್ನನ್ನು ದಪ್ಪ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿ. ನೆಲದ ಮೇಲೆ ಜಾರುವ ಇಂಜಿನ್ ಹಿಡಿದುಕೊಂಡು ಈ ಕೆಲಸ ಆಗುವುದಿಲ್ಲ. ಬ್ಲಾಕಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಬೀಡು, ಅಂಟದಿದ್ದರೆ ಅಲ್ಯೂಮಿನಿಯಂ. ನಿಮ್ಮ ಹಳೇ ಇಂಜಿನ್ ಬೀಡಿನದ್ದೇ ಇರಬೇಕು, ಆದರೂ ನೋಡಿ.

ತಂತಿ ಬ್ರಷ್ಷಿನಿಂದ ಪೈಪಿನ ಬುಡವನ್ನು ಚೆನ್ನಾಗಿ ಉಜ್ಜಿ. ಹೊರಗಿನ ತುಕ್ಕಿನ ಹಕ್ಕಳೆ ಹಾಗೇ ಇದ್ದರೆ ಎಣ್ಣೆ ಅದನ್ನೇ ಕುಡಿದು ಸುಮ್ಮನಾಗುತ್ತದೆ, ಒಳಗೆ ಇಳಿಯುವುದಿಲ್ಲ. ಪೈಪಿನ ಬುಡ ಮೇಲ್ಮುಖವಾಗುವಂತೆ ಇಂಜಿನ್ನನ್ನು ಸ್ವಲ್ಪ ವಾಲಿಸಿ ಒತ್ತು ಕೊಡಿ. ಈಗ ತುಕ್ಕು ಬಿಡಿಸುವ ಎಣ್ಣೆ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ ಆಗುತ್ತದೆ. ನಾನು ಡೀಸೆಲ್ಲಿಗೆ ಸ್ವಲ್ಪ ಗೇರ್ ಆಯಿಲ್ ಬೆರೆಸಿ ಹಾಕುತ್ತೇನೆ. ಯಾವ ಎಣ್ಣೆ ಅನ್ನುವುದಕ್ಕಿಂತ ಎಷ್ಟು ಹೊತ್ತು ಅನ್ನುವುದು ಮುಖ್ಯ. ಬೆಳಗ್ಗೆ ನಾಲ್ಕು ಹನಿ, ಸಂಜೆ ನಾಲ್ಕು ಹನಿ, ಎರಡು ದಿನ. ಪ್ರತಿ ಸಲ ಹಾಕಿದ ಮೇಲೆ ಸಣ್ಣ ಸುತ್ತಿಗೆಯಿಂದ ಪೈಪಿನ ಬುಡದ ಸುತ್ತ ಟಕಟಕ ಅಂತ ತಟ್ಟಿ. ತೆಂಗಿನಕಾಯಿ ಬಲಿತಿದೆಯಾ ಅಂತ ಬೆರಳಲ್ಲಿ ತಟ್ಟಿ ನೋಡುತ್ತೀರಲ್ಲ, ಅದಕ್ಕಿಂತ ಸ್ವಲ್ಪ ಜೋರು, ಅಷ್ಟೇ. ಆ ನಡುಕಕ್ಕೆ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆ ಆ ಬಿರುಕಿನಲ್ಲಿ ಇಳಿಯುತ್ತದೆ. ಬ್ಲಾಕಿನ ಪದರ ಪದರ ರೆಕ್ಕೆಗಳಿಗೆ ಮಾತ್ರ ಸುತ್ತಿಗೆ ತಾಗಬಾರದು, ಬಿಸ್ಕತ್ತಿನ ಹಾಗೆ ಮುರಿಯುತ್ತವೆ.

ಮೂರನೇ ದಿನ ಬೆಂಕಿ. ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ದೂರ ಎಸೆಯಿರಿ. ಅಂಗಳಕ್ಕೆ ತನ್ನಿ, ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ಬೇಡ. ಒಂದು ಬಕೆಟ್ ಮರಳು ಹತ್ತಿರ ಇರಲಿ. ಹಿಂದೆ ಯಾರೋ ನೀರಿನ ಜಿ.ಐ. ಪೈಪನ್ನೇ ಹಾಕಿದ್ದರೆ ಅದರ ಸತುವು ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಗಾಳಿಗೆ ಬೆನ್ನು ಹಾಕಿ ನಿಲ್ಲಿ.

ಬ್ಲೋ ಲ್ಯಾಂಪಿನ ಅಥವಾ ಗ್ಯಾಸ್ ಟಾರ್ಚಿನ ಜ್ವಾಲೆ ಪೈಪಿಗೆ ಬೇಡ, ಅದರ ಸುತ್ತಲಿನ ಬ್ಲಾಕಿನ ಬಾಯಿಗೆ ಹಿಡಿಯಿರಿ. ಕಾದರೆ ತೂತು ಕಿರಿದಾಗುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಉಲ್ಟಾ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆಯುವುದನ್ನು ನೋಡಿದವರಿಗೆ ಗೊತ್ತು: ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿಸಿ, ಚಕ್ರಕ್ಕೆ ಕೂರಿಸಿ ನೀರು ಹೊಯ್ಯುತ್ತಾರೆ. ಇಲ್ಲಿ ನಮಗೆ ಬೇಕಾದ್ದು ಹಿಗ್ಗುವುದು ಮಾತ್ರ. ನೀರು ಹೊಯ್ಯುವುದು ಖಂಡಿತ ಬೇಡ, ಬೀಡು ಟಪ್ ಅಂತ ಸೀಳುತ್ತದೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸುತ್ತಾ ನಿಧಾನಕ್ಕೆ ಕಾಯಿಸಿ. ಅಲ್ಯೂಮಿನಿಯಂ ಬ್ಲಾಕಾದರೆ ಇನ್ನೂ ಹುಷಾರು. ಅದು ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, 660 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಸುಮ್ನೆ ಕುಸಿದುಬಿಡುತ್ತದೆ. ಆದರೆ ಕಬ್ಬಿಣದ ಎರಡರಷ್ಟು ಹಿಗ್ಗುವುದರಿಂದ ಅದಕ್ಕೆ ಅಷ್ಟು ಬಿಸಿ ಬೇಕಾಗುವುದೂ ಇಲ್ಲ.

ಎಷ್ಟು ಕಾದರೆ ಸಾಕು? ನಮ್ಮ ಮೇಸ್ತ್ರಿಯ ಥರ್ಮಾಮೀಟರ್ ಒಂದು ಮೇಣದ ಬತ್ತಿ. ಟಾರ್ಚ್ ಆರಿಸಿ, ಬತ್ತಿಯ ಬುಡವನ್ನು ಪೈಪು ಮತ್ತು ಬ್ಲಾಕಿನ ಸಂದಿಗೆ ತಾಗಿಸಿ. ಮೇಣ ತಕ್ಷಣ ನೀರಾಗಿ, ಸಣ್ಣಗೆ ಬಿಳಿ ಹೊಗೆ ಬಂದರೆ ಹದ ಸಿಕ್ಕಿತು. ಈಗ ಬತ್ತಿಯನ್ನು ಸಂದಿನ ಸುತ್ತ ಉಜ್ಜುತ್ತಾ ಹೋಗಿ, ಕಣ್ಣಿಟ್ಟು ನೋಡಿ. ಮೊದಲು ಮೇಣ ಹೊರಗೇ ಹರಿಯುತ್ತದೆ. ಆಮೇಲೆ ಒಂದು ಕಡೆ ಹನಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಯಾರೋ ಒಳಗಿಂದ ಹೀರಿದ ಹಾಗೆ. ಅಲ್ಲಿ ದಾರಿ ಬಿಟ್ಟಿದೆ. ಅಲ್ಲೇ ಇನ್ನಷ್ಟು ಕುಡಿಸಿ. ಅರ್ಧ ಬತ್ತಿ ಖರ್ಚಾದರೂ ಚಿಂತೆಯಿಲ್ಲ. ಮೇಣ ಹೊತ್ತಿಕೊಂಡರೆ ಬಿಸಿ ಜಾಸ್ತಿಯಾಯಿತು ಅಂತ, ಒಂದು ಹಿಡಿ ಮರಳು ಹಾಕಿ ಆರಿಸಿ.

ಈಗ ರೆಂಚು ಎತ್ತಿಕೊಳ್ಳಿ. ಅದಕ್ಕೂ ಮೊದಲು ಪೈಪಿನ ಒಳಗೆ ಬಿಗಿಯಾಗಿ ಕೂರುವ ಕಬ್ಬಿಣದ ಸರಳು ತೂರಿಸಿ. ನಿಮ್ಮ ಪೈಪು ಚಪ್ಪಟೆಯಾಗುವುದಕ್ಕೆ ಇದೇ ಮದ್ದು. ಆಗಲೇ ಚಪ್ಪಟೆಯಾದ ಭಾಗವನ್ನು ಹ್ಯಾಕ್ಸಾದಿಂದ ಕುಯ್ದು ಬಿಸಾಡಿ, ಆದರೆ ಹಿಡಿಯಲು ಮೂರು ಇಂಚಾದರೂ ಉಳಿಯಲಿ. ರೆಂಚಿನ ಹಲ್ಲು ಬ್ಲಾಕಿಗೆ ಎಷ್ಟು ಹತ್ತಿರ ಕಚ್ಚಿದರೆ ಅಷ್ಟು ಒಳ್ಳೆಯದು. ಪೈಪಿನ ಬಾಯಿಗೆ ಎದುರು ನಿಂತು ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಬೇಕು. ನಗಬೇಡಿ. ಇಂಜಿನ್ನಿನ ಹಿಂದೆ ನಿಂತು ಮೂರು ದಿನ ಬಿಗಿ ಮಾಡಿದವರನ್ನು ನಾನು ನೋಡಿದ್ದೇನೆ. ಬಿಚ್ಚುವ ಮೊದಲು ಒಂದು ಚೂರು ಬಿಗಿ ಮಾಡುವ ಕಡೆಗೇ ಒತ್ತಿ, ಆಮೇಲೆ ಈಚೆಗೆ ಎಳೆಯಿರಿ. ಹಾಗೇ ಆಚೆ ಈಚೆ. ಜಗ್ಗಿ ಎಳೆಯುವುದು ಬೇಡ, ಒಂದೇ ಸಮ ಒತ್ತಡ ಇರಲಿ.

ಮೊದಲನೇ ಬಿಸಿಗೆ ಬರುವುದು ಅಪರೂಪ. ತಾನಾಗಿ ತಣಿಯಲು ಬಿಡಿ, ಮತ್ತೆ ಕಾಯಿಸಿ, ಮತ್ತೆ ಮೇಣ. ಮೂರನೇ ಸಲವೂ ಬರದಿದ್ದರೆ ಪೈಪಿನ ಗೋಡೆಯನ್ನೇ ಕೆಂಪಗೆ ಕಾಯಿಸಿ ಪೂರ್ತಿ ತಣ್ಣಗಾಗಲು ಬಿಡಿ. ಹಿಗ್ಗಲು ಜಾಗವಿಲ್ಲದೆ ಪೈಪು ತನ್ನೊಳಗೇ ಕುಗ್ಗುತ್ತದೆ. ತಣಿದಾಗ ಮೊದಲಿಗಿಂತ ಕೂದಲಷ್ಟು ಸಣ್ಣದಾಗಿರುತ್ತದೆ. ನಮಗೆ ಆ ಕೂದಲಷ್ಟೇ ಸಾಕು. ಅಲ್ಯೂಮಿನಿಯಂಗೆ ಈ ಉಪಾಯ ಬೇಡ.

ಬಿಡುವಾಗ ಒಂದು ಒಣ ಸದ್ದು ಬರುತ್ತದೆ, ಹಳೇ ಬಾಗಿಲ ಕೀಲು ಕಿರ್ರ್ ಅಂದ ಹಾಗೆ. ಸಂದಿನಿಂದ ಕಾಫಿ ಪುಡಿಯಂಥ ಕಂದು ಧೂಳು ಉದುರುತ್ತದೆ. ಆಗ ಖುಷಿಯಲ್ಲಿ ಗಿರಗಿರ ತಿರುಗಿಸಿದಿರೋ, ಆ ಧೂಳೇ ಮುಂದಿನ ಥ್ರೆಡ್ಡಿನಲ್ಲಿ ಸಿಕ್ಕಿ ಮತ್ತೆ ಕಚ್ಚುತ್ತದೆ. ಕಾಲು ಸುತ್ತು ಈಚೆ, ಅದರರ್ಧ ಆಚೆ, ನಡುನಡುವೆ ಒಂದೊಂದು ಹನಿ ಎಣ್ಣೆ. ಇಂಜಿನ್ ಅಷ್ಟರಲ್ಲಿ ತಣಿದಿರಬೇಕು, ಮರೆಯಬೇಡಿ.

ಹೊಸದನ್ನು ಹಾಕುವಾಗ ಎರಡು ಮಾತು. ಹೊಸ ಪೈಪಿಗೆ ಹಳೇ ತುಂಡನ್ನು ಜೇಬಿಗೆ ಹಾಕಿಕೊಂಡೇ ಅಂಗಡಿಗೆ ಹೋಗಿ. ಮುಕ್ಕಾಲು ಇಂಚಿನ ಪೈಪನ್ನು ಅಳೆದರೆ ಹೊರಗಿನ ಅಡ್ಡಳತೆ 26 ಮಿ.ಮೀ. ಚಿಲ್ಲರೆ ಬರುತ್ತದೆ, ಅಂದರೆ ಒಂದು ಇಂಚಿಗಿಂತ ಜಾಸ್ತಿ. ಅಳತೆ ಹಿಡಿದು "ಒಂದು ಇಂಚಿನದು ಕೊಡಿ" ಅಂದರೆ ಬೇರೆಯದೇ ಬರುತ್ತದೆ. ನಮ್ಮಲ್ಲಿ ಸಿಗುವ ಮುಕ್ಕಾಲು ಇಂಚಿಗೆ ಇಂಚಿಗೆ 14 ಥ್ರೆಡ್ಡು, ಒಂದು ಇಂಚಿಗೆ 11. ಎಣಿಸಿ ನೋಡಿ. ಇನ್ನೊಂದು, ನಲ್ಲಿಗೆ ಸುತ್ತುವ ಬಿಳಿ ಟೇಪು ಇಲ್ಲಿ ಬೇಡವೇ ಬೇಡ. ಸೈಲೆನ್ಸರಿನ ಬಿಸಿಗೆ ಅದು ಕೆಟ್ಟು ವಿಷದ ಹೊಗೆ ಬಿಡುತ್ತದೆ. ಗ್ರಾಫೈಟ್ ಗ್ರೀಸ್ ಅಥವಾ ಕಾಪರ್ ಗ್ರೀಸ್ ತೆಳ್ಳಗೆ ಸವರಿ, ಕೈಯಲ್ಲಿ ಬಿಗಿ ಮಾಡಿ, ಆಮೇಲೆ ರೆಂಚಿನಲ್ಲಿ ಒಂದೇ ಒಂದು ಸುತ್ತು.

ಪ್ರಶ್ನೆ: ನೀವು ಬೈಯುತ್ತೀರಿ ಅಂತ ಗೊತ್ತು. ಕಳೆ ತೆಗೆಯುವ ವೀಡರಿನ ಇಂಜಿನ್ನಿನಲ್ಲಿ ಪೈಪು ಬ್ಲಾಕಿನ ಮಟ್ಟಕ್ಕೇ ಮುರಿದಿದೆ. ಹಿಡಿಯಲು ಏನೂ ಇಲ್ಲ.
(ಶಿರಸಿಯ ಓದುಗರು)

ಉತ್ತರ: ಬೈಯುವುದಿಲ್ಲ, ನಾನು ಮುರಿದಿರುವ ಲೆಕ್ಕ ಇದಕ್ಕಿಂತ ದೊಡ್ಡದು. ಪ್ಲಗ್ ಬಿಚ್ಚಿ, ಸ್ಟಾರ್ಟ್ ಮಾಡುವ ಹಗ್ಗದ ಕಪ್ಪಿಯನ್ನು ಕೈಯಲ್ಲೇ ತಿರುಗಿಸಿ ಎಕ್ಸಾಸ್ಟ್ ವಾಲ್ವ್ ಮುಚ್ಚಿದ ಜಾಗಕ್ಕೆ ತನ್ನಿ. ಬ್ಯಾಟರಿ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ವಾಲ್ವ್ ಕಾಣುತ್ತದೆ. ಗ್ರೀಸ್ ಮೆತ್ತಿದ ಬಟ್ಟೆಯನ್ನು ಅದರ ಮುಂದೆ ತುರುಕಿ. ಕಬ್ಬಿಣದ ಪುಡಿ ವಾಲ್ವ್ ಸೀಟಿಗೆ ಹೋದರೆ ಪೈಪು ಬಂದೂ ಪ್ರಯೋಜನವಿಲ್ಲ.

ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಒಂದು ತುದಿಯಲ್ಲಿ ಬಟ್ಟೆ ಸುತ್ತಿ ಹಿಡಿ ಮಾಡಿಕೊಳ್ಳಿ. ಪೈಪಿನ ಒಳಗಿನಿಂದ ಉದ್ದಕ್ಕೆ ಒಂದು ಸೀಳು ಹಾಕಿ. ಅರ್ಧ ಇಂಚು ಬಿಟ್ಟು ಇನ್ನೊಂದು. ಸಹನೆ ಬೇಕು, ಹಲ್ಲು ಒಂದೊಂದೇ ಎಳೆಯಾಗಿ ತಿನ್ನುತ್ತದೆ. ಬ್ಲಾಕಿನ ಥ್ರೆಡ್ಡು ತಾಗುವ ಮೊದಲು ನಿಲ್ಲಿಸಬೇಕು. ತುಕ್ಕಿನ ಕಂದು ಗೆರೆ ಕಾಣಿಸುವುದೇ ಸೂಚನೆ, ಅದರಾಚೆ ಹೊಳೆಯುವುದು ಬ್ಲಾಕು. ಆಮೇಲೆ ಸಣ್ಣ ಚಾಣ ಇಟ್ಟು ಎರಡು ಸೀಳಿನ ನಡುವಿನ ಪಟ್ಟಿಯನ್ನು ಒಳಗೆ ಮಡಚಿ. ಅದು ಬಂದರೆ ಉಳಿದದ್ದು ಸಡಿಲವಾಗಿ ತಾನೇ ಬರುತ್ತದೆ.

ಹತ್ತಿರದಲ್ಲಿ ಒಳ್ಳೆಯ ವೆಲ್ಡರ್ ಇದ್ದರೆ ಇನ್ನೂ ಸುಲಭ. ಮುರಿದ ಪೈಪಿನ ಒಳಗೆ ಅಡ್ಡಕ್ಕೆ ಒಂದು ಪಟ್ಟಿ ವೆಲ್ಡ್ ಮಾಡಿ, ಅದಕ್ಕೆ ದೊಡ್ಡ ನಟ್ಟು ಕೂರಿಸುತ್ತಾರೆ. ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ಅರ್ಥಿಂಗ್ ಕ್ಲಾಂಪನ್ನು ಬ್ಲಾಕಿಗೇ, ಪೈಪಿನ ಹತ್ತಿರವೇ ಹಾಕಲು ಹೇಳಿ. ಶಾಫ್ಟಿಗೆ ಹಾಕಿದರೆ ಕರೆಂಟು ಬೇರಿಂಗ್ ಹಾದು ಹೋಗಿ ಬೇರಿಂಗ್ ಹಾಳು.

ಪ್ರಶ್ನೆ: 5 ಎಚ್.ಪಿ. ಡೀಸೆಲ್ ಪಂಪ್‌ಸೆಟ್ಟು. ಸೈಲೆನ್ಸರ್ ಪೈಪು ಫ್ಲಾಂಜಿಗೆ (ಪೈಪನ್ನು ಇಂಜಿನ್ನಿಗೆ ನಟ್ಟು ಹಾಕಿ ಹಿಡಿಸುವ ಬಿಲ್ಲೆಗೆ) ಕಚ್ಚಿದೆ, ಫ್ಲಾಂಜಿನ ಎರಡು ನಟ್ಟೂ ತುಕ್ಕು ಹಿಡಿದು ಗುಂಡಗಾಗಿವೆ.
(ರಾಣೆಬೆನ್ನೂರಿನ ಓದುಗರು)

ಉತ್ತರ: ನಿಮ್ಮ ಪುಣ್ಯ, ಫ್ಲಾಂಜ್ ಇದೆ. ಪೈಪಿನ ತಂಟೆಗೆ ಹೋಗಬೇಡಿ, ಫ್ಲಾಂಜನ್ನೇ ಬಿಚ್ಚಿ ವೈಸಿಗೆ ಕಚ್ಚಿಸಿ ಆರಾಮಾಗಿ ಪೈಪು ತೆಗೆಯಬಹುದು. ನಟ್ಟುಗಳಿಗೆ ಸ್ಪ್ಯಾನರ್ ಹಿಡಿಯುವುದಿಲ್ಲವಾದರೆ ನಟ್ಟನ್ನೇ ಬಲಿ ಕೊಡಿ, ನಟ್ಟು ಕೂರುವ ಸ್ಟಡ್ ಉಳಿಸಿಕೊಳ್ಳಿ. ನಟ್ಟಿನ ಒಂದು ಮುಖವನ್ನು ಹ್ಯಾಕ್ಸಾದಿಂದ ಮುಕ್ಕಾಲು ಭಾಗ ಕುಯ್ದು, ಚಾಣ ಇಟ್ಟು ಒಂದು ಏಟು. ಸೀಳಿಕೊಳ್ಳುತ್ತದೆ. ಹೊಸದಾಗಿ ಹಿತ್ತಾಳೆ ನಟ್ಟು ಹಾಕಿ. ಹಿತ್ತಾಳೆಗೆ ಈ ತುಕ್ಕು ಹಿಡಿಯುವುದಿಲ್ಲ, ಮುಂದಿನ ಸಲ ನನಗೆ ಕಾಗದ ಬರೆಯುವ ಕೆಲಸ ತಪ್ಪುತ್ತದೆ.

ಪ್ರಶ್ನೆ: ಇಂಜಿನ್ ಸ್ಟಾರ್ಟ್ ಆಗುತ್ತದೆ, ಹತ್ತು ಎಣಿಸುವುದರೊಳಗೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಪ್ಲಗ್, ಕಾರ್ಬುರೇಟರ್ ಎಲ್ಲ ನೋಡಿಯಾಯಿತು.
(ಕೊಪ್ಪದ ಓದುಗರು)

ಉತ್ತರ: ಉಸಿರು ಕಟ್ಟಿದ ಹಾಗೆ ಅಂತ ನೀವೇ ಬರೆದಿದ್ದೀರಿ. ಸೈಲೆನ್ಸರಿನ ಬಾಯಿಗೆ ಒಂದು ಕಡ್ಡಿ ಹಾಕಿ ನೋಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ನಿಲ್ಲಿಸಿಟ್ಟ ಇಂಜಿನ್ನಿನ ಪೈಪು ಅದಕ್ಕೆ ರೆಡಿಮೇಡ್ ಮನೆ.

ಪ್ರಶ್ನೆ: ಮಳೆಗಾಲದಲ್ಲಿ ನೆಟ್ಟಗೆ ನಿಂತ ಪೈಪಿನೊಳಗೆ ನೀರು ಹೋಗದಂತೆ ಏನು ಮುಚ್ಚಬೇಕು? ಪ್ಲಾಸ್ಟಿಕ್ ಕವರ್ ಕಟ್ಟಿದರೆ ಕರಗಿ ಅಂಟಿಕೊಂಡಿತು.
(ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಬಿಸಿ ಆರುವ ಮೊದಲೇ ಕಟ್ಟಿದ್ದೀರಿ. ನಿಮಗೆ ಆಗುಂಬೆಯ ಗಾಳಿ ಹತ್ತಿರ, ಅಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ. ಮುಚ್ಚದೆ ಬಿಟ್ಟರೆ ಸೈಲೆನ್ಸರ್ ಕೊಡಪಾನ ಆಗುತ್ತದೆ. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಇಂಜಿನ್ ಸುಮ್ನೆ ಓಡಲಿ, ಒಳಗಿನ ತೇವ ಹೋಗುತ್ತದೆ. ಪೂರ್ತಿ ತಣಿದ ಮೇಲೆ ಒಂದು ಕರಟ ಬೋರಲು ಹಾಕಿ. ತಗಡಿನ ಡಬ್ಬಿಯೂ ಆದೀತು, ಆದರೆ ಅದೇ ತುಕ್ಕು ಹಿಡಿದು ಪೈಪಿಗೆ ಅಂಟುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಕರಟ ತೆಗೆಯಲು ನೆನಪಿರಲಿ. ನಮ್ಮ ಪಕ್ಕದ ಮನೆಯವರು ಮರೆತು ಹಗ್ಗ ಎಳೆದರು. ಕರಟ ಹಾರಿ ಮೇಲೆ ಮರದಲ್ಲಿದ್ದ ಕೊನೆಗೌಡನ (ಅಡಿಕೆ ಮರ ಹತ್ತುವ ಕೆಲಸದವನ) ಕಾಲ ಹತ್ತಿರ ಹೋಯಿತು. ಅವನು ಆವತ್ತು ಇಳಿದವನು ಸಂಜೆವರೆಗೂ ಮತ್ತೆ ಮರ ಹತ್ತಲಿಲ್ಲ.